ಕುಳ್ಳು ಬಡಿಯದ ಸೊಸೆ

ಶಿವರಾತ್ರಿ ಕಳೆದ ಮೂರನೆಯ ದಿನ ಮುಂಜಾನೆ ಸವಡಿಯ ಗುರುಸಂಗಪ್ಪನ ಮನೆಯಲ್ಲಿ ಸಗಣಿಯ ಬುಟ್ಟಿಯೊಂದು ದಾರಿ ತಪ್ಪಿತು.

ಆ ಬುಟ್ಟಿ ಸೊಸೆ ಗಾಳೆವ್ವನ ತಲೆಯ ಮೇಲಿತ್ತು. ಲಗ್ನವಾಗಿ ಬಂದ ಹನ್ನೆರಡು ವರ್ಷಗಳಿಂದ ಆಕೆ ಅದನ್ನು ಕೊಟ್ಟಿಗೆಯಿಂದ ಹೊತ್ತು ತಂದು ಹಿತ್ತಲಿನ ಗೋಡೆಯ ಬುಡಕ್ಕೆ ಸುರುವುತ್ತಿದ್ದಳು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೊಟ್ಟು ಬೆರೆಸಿ ನಾದಿ, ಒಲೆ ಉರಿಸುವ ಬೆರಣಿ, ಕುಳ್ಳು ಬಡಿದು ಗೋಡೆಗೆ ಹಚ್ಚುತ್ತಿದ್ದಳು. ನಾಲ್ಕು ಎತ್ತು, ಎರಡು ಎಮ್ಮೆ, ಒಂದು ಆಕಳು ಇದ್ದ ಮನೆ. ಬಿಸಿಲೇರುವ ತನಕ ಕೈಗೆ ಬಿಡುವಿರುತ್ತಿರಲಿಲ್ಲ. ಆ ದಿನ ಮಾತ್ರ ಆಕೆ ಗೋಡೆಯನ್ನು ದಾಟಿ ಹಿತ್ತಲ ಮೂಲೆಯ ಹಳೆಯ ತಿಪ್ಪೆಗುಂಡಿಗೆ ಹೋಗಿ ಬುಟ್ಟಿಯನ್ನು ಬೋರಲು ಹಾಕಿದಳು.

ಹಿತ್ತಲ ಬಾಗಿಲಲ್ಲಿ ಬೂದಿಯಿಂದ ಹಲ್ಲುಜ್ಜುತ್ತ ಕೂತಿದ್ದ ಅತ್ತೆ ಸಿದ್ದವ್ವ ಬೆರಳನ್ನು ಬಾಯಿಂದ ತೆಗೆದಳು.

"ಏ, ಎಲ್ಲಿ ಸುರೂತಿ ಅದನ್ನ? ಕಣ್ಣ ಕಾಣವಲ್ವೇನ?"

"ಕಾಣ್ತಾವ್ರಿ ಅತ್ತೇರ. ಇವತ್ತಿನಿಂದ ನಾ ಕುಳ್ಳು ಬಡಿಯಂಗಿಲ್ರಿ."

"ಏನಂದಿ?"

"ಸಗಣಿ ತಿಪ್ಪಿಗಿ ಹೋಗ್ಲಿ, ತಿಪ್ಪಿಯಿಂದ ಹೊಲಕ್ಕ ಹೋಗ್ಲಿ. ಒಲಿಗಿ ಬ್ಯಾರೆ ಏನರ ತರ್ತೀನಿ."

ಸಿದ್ದವ್ವನಿಗೆ ಮೊದಲು ಹೊಳೆದದ್ದು ಸೊಸೆಗೆ ಮೈಗಳ್ಳತನ ಬಂದಿದೆ ಎಂದು. ಎರಡನೆಯದಾಗಿ ಹೊಳೆದದ್ದು ಯಾರೋ ಮಾಟ ಮಾಡಿಸಿದ್ದಾರೆ ಎಂದು. ಎರಡನ್ನೂ ಓಣಿಗೆ ಕೇಳುವಂತೆ ಹೇಳಿದಳು.

ನಿಜವಾಗಿ ನಡೆದದ್ದು ಇಷ್ಟೇ. ಹೋದ ಬೇಸಿಗೆಯಲ್ಲಿ ಕುರಿಗಾರರು ಅವರ ಹೊಲದ ಬದುವಿನ ಆಚೆ, ಮಂದಿಯ ಹೊಲದ ಮೂಲೆಯೊಂದರಲ್ಲಿ ಎರಡು ರಾತ್ರಿ ಕುರಿ ತರುಬಿ ಮಲಗಿಸಿದ್ದರು. ಈ ಸಲ ಜೋಳ ಕೊಯ್ಯುವಾಗ ಗಾಳೆವ್ವ ಬದುವಿನ ಈಚೆ ನಿಂತು ನೋಡಿದಳು. ಕುರಿ ಕೂತು ಹಿಕ್ಕೆ ಹಾಕಿದ್ದ ಆ ತುಂಡಿನಲ್ಲಿ ಜೋಳ ಆಳು ಮುಳುಗುವಷ್ಟು ಬೆಳೆದಿತ್ತು. ತೆನೆ ಒಂದೊಂದೂ ಎರಡು ಕೈಯಲ್ಲಿ ಹಿಡಿಯುವಷ್ಟು. ಅವಳ ಕೈಯಲ್ಲಿದ್ದ ತಮ್ಮ ಹೊಲದ ತೆನೆ ಮಕ್ಕಳ ಮುಷ್ಟಿಯಷ್ಟಿತ್ತು. ಅದೇ ಕಪ್ಪು ಎರೆ ಮಣ್ಣು, ಅದೇ ಮಳೆ, ಅದೇ ಬೀಜ. ಮನೆಗೆ ಬಂದು ಒಲೆಯ ಮುಂದೆ ನಿಂತಾಗ, ಬೆಳಿಗ್ಗೆ ಒಲೆಗೆ ಒಡ್ಡಿದ ಕುಳ್ಳು ಬೂದಿಯಾಗಿ ಕೂತಿತ್ತು. ತಾನು ಹನ್ನೆರಡು ವರ್ಷ ಬಡಿದದ್ದೆಲ್ಲ ಮಾಳಿಗೆಯ ಬೆಳಕಿಂಡಿಯಿಂದ ಹೊಗೆಯಾಗಿ ಹೋಗಿದೆ ಅನ್ನಿಸಿತು.

ಅವಳ ತವರು ಗಜೇಂದ್ರಗಡದ ಗುಡ್ಡದ ಕೆಳಗಿನ ಲಕ್ಕಲಕಟ್ಟಿ. ಕೆಂಪು ಮಸಾರಿ ಹೊಲ. ಅಲ್ಲಿ ಗೊಬ್ಬರ ಹಾಕದಿದ್ದರೆ ನೆಲ ಕಾಳು ಕೊಡುವುದಿಲ್ಲ. ಒಲೆಗೆ ಗುಡ್ಡದ ಕಂಟಿ ಇದ್ದೇ ಇತ್ತು. ಸವಡಿಯ ಎರೆ ಹೊಲದವರಿಗೆ ಗೊಬ್ಬರ ಎಂದರೆ ಬಡವರ ಮಾತು.

ಮಧ್ಯಾಹ್ನ ಗುರುಸಂಗಪ್ಪ, ಅವನ ಮಗ ಅಜ್ಜಪ್ಪ ಊಟಕ್ಕೆ ಕೂತಾಗ ವಿಷಯ ಪಡಸಾಲೆಗೆ ಬಂತು. ಗಾಳೆವ್ವ ಸೆರಗು ಹೊದ್ದು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಗುರುಸಂಗಪ್ಪ ಪುಂಡಿಪಲ್ಲೆಗೆ ರೊಟ್ಟಿ ಅದ್ದುತ್ತ, ಬಾಗಿಲಿಗೆ ಹೇಳುವವನಂತೆ ಹೇಳಿದ.

"ನಮ್ಮದು ಎರಿ ಹೊಲ. ಎರಿ ಅಂದ್ರ ತಾಯಿದ್ದಂಗ. ಈ ಮನ್ಯಾಗ ನಾಕು ತಲಿಮಾರು ಯಾರೂ ಹೊಲಕ್ಕ ಗೊಬ್ಬರಾ ಹೇರಿಲ್ಲ. ತಾಯಿಗಿ ಯಾರರ ತುತ್ತು ಮಾಡಿ ಉಣಸ್ತಾರೇನು?"

"ಬಾಣಂತಿ ಇದ್ದಾಗ ಉಣಸ್ತಾರಲ್ರಿ ಮಾವಾರ," ಎಂದಿತು ಬಾಗಿಲು. "ವರ್ಷಾ ಹಡಿಯಾಕಿಗಿ ವರ್ಷಾ ಉಣಸಬೇಕಾಕ್ಕೇತಿ."

ಗುರುಸಂಗಪ್ಪ ತಲೆ ಎತ್ತಿ ಬಾಗಿಲನ್ನು ನೋಡಿದ.

"ಗೊಬ್ಬರನಽ ಬೇಕಾದ್ರ ರೋಣದ ಸೊಸಾಯಿಟ್ಯಾಗ ಬಿಳೇ ಗೊಬ್ಬರದ ಚೀಲ ಬಂದಾವಂತ. ತಂದ್ರಾತು."

"ಮನ್ಯಾಗಿಂದು ಸುಟ್ಟು ಬೂದಿ ಮಾಡಿ, ಪ್ಯಾಟ್ಯಾಗಿಂದು ಕೊಂಡು ತರೂದೇನ್ರಿ?"

"ಮತ್ತ ಒಲಿಗಿ ಏನ ನಿನ್ನ ಕೈಕಾಲು ಇಡ್ತೀಯೇನು?" ಸಿದ್ದವ್ವ ನಡುವೆ ಬಂದಳು.

"ಒಲಿ ನನಗ ಬಿಡ್ರಿ. ಬಸವ ಜಯಂತಿ ತನಕ ಉರುವಲಾ ನಾ ತರ್ತೀನಿ. ಮೂಲ್ಯಾಗಿನ ಹಳೇ ಕುಳ್ಳಿನ ಬಣವಿ ಯಾರೂ ಮುಟ್ಟೂದು ಬ್ಯಾಡ. ಒಂದ ದಿನ, ಒಂದ ಹೊತ್ತು ಉರುವಲಾ ಇಲ್ದ ಒಲಿ ಆರಿತು ಅಂದ್ರ ಅವತ್ತಽ ಕೂತು ಕುಳ್ಳು ಬಡೀತೀನಿ, ಮತ್ತ ಈ ಮಾತು ಎತ್ತಂಗಿಲ್ಲ. ಆರಲಿಲ್ಲಂದ್ರ ತಿಪ್ಪಿ ಹೊಲಕ್ಕ ಹೋಗಬೇಕು."

ಗುರುಸಂಗಪ್ಪ ನಕ್ಕುಬಿಟ್ಟ. ಐದು ದೊಡ್ಡವರು, ಇಬ್ಬರು ಮಕ್ಕಳು, ಮೇಲೆ ಬಂದುಹೋಗುವವರು, ಒಂಬತ್ತು ವಾರ. ಎಂಟು ದಿನ ತಡೆದರೆ ಹೆಚ್ಚು ಎಂದು ಲೆಕ್ಕ ಹಾಕಿ, "ಆತು," ಎಂದ.

ಅಂದಿನಿಂದ ಗಾಳೆವ್ವನಿಗೆ ಎರಡು ಕೆಲಸವಿದ್ದದ್ದು ನಾಲ್ಕಾಯಿತು. ಅವರ ಹತ್ತಿ ಹೊಲದ ಒಣ ಗಿಡದ ಕಟಗಿಯನ್ನು ಪ್ರತಿ ವರ್ಷ ಕಿತ್ತವರಿಗೆ ಅರ್ಧ ಕೊಟ್ಟು, ಉಳಿದದ್ದರಲ್ಲಿ ಅರ್ಧ ಬದುವಿನಲ್ಲೇ ಸುಡುತ್ತಿದ್ದರು. ಈ ಸಲ ಅವಳೇ ಹೋಗಿ ಕಿತ್ತಳು. ಜೊತೆಗೆ ಬಂದವಳು ಹಿಂದಿನ ಓಣಿಯ ಮೈಮುನಬಿ. ಗಂಡ ಸತ್ತ ಮೇಲೆ ಜಾಲಿಮುಳ್ಳು ಕಡಿದು ಹೊರೆ ಮಾರಿ, ಮಂದಿಯ ಮನೆಗೆ ಮಣ್ಣಿನ ಒಲೆ ಹಾಕಿಕೊಟ್ಟು ಬದುಕಿದ ಗಟ್ಟಿ ಹೆಂಗಸು. ಇಬ್ಬರೂ ಬೆಳಿಗ್ಗೆ ಹೋಗಿ ಹೊತ್ತು ನೆತ್ತಿಗೆ ಬರುವ ತನಕ ಹತ್ತಿಕಟಗಿ ಕಿತ್ತು, ಜೋಳದ ಕೂಳೆ ಆರಿಸಿ, ಹೊರೆ ಕಟ್ಟಿ ತರುತ್ತಿದ್ದರು. ಗಾಳೆವ್ವನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು.

ಮನೆಯಲ್ಲಿ ಸುಖವಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ನಾದಿನಿ ಶೇಖವ್ವ, ಹದಿನೇಳರ ಹುಡುಗಿ. ನಾಲ್ಕನೆಯ ದಿನಕ್ಕೆ ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಎತ್ತಿ ಅತ್ತಿಗೆಯ ಮುಂದೆ ಎಸೆದಳು.

"ನೋಡ ವೈನಿ! ಅರ್ಧ ಕರಕ, ಅರ್ಧ ಹಸಿ. ಈ ಕಟಗಿ ಭಗ್ ಅಂತೈತಿ, ತಿರುಗಿ ನೋಡೂದ್ರಾಗ ಆರತೈತಿ. ಕುಳ್ಳಿಂದು ಉರಿ ಅಂದ್ರ ಹೇಳಿದಂಗ ಕೇಳ್ತಿತ್ತು."

"ನನ್ನ ಹಾಲು ನೋಡ್ರಿ," ಎಂದ ಗುರುಸಂಗಪ್ಪ ಹೊರಗಿನಿಂದ. ಕುಳ್ಳಿನ ಸಣ್ಣ ಬೆಂಕಿಯಲ್ಲಿ ದಿನವಿಡೀ ಕಾದು ಕೆಂಪಗೆ ಕೆನೆಗಟ್ಟಿದ ಹಾಲು ಅವನ ಪ್ರಾಣ. "ನೀರಿನಂಗ ಬೆಳ್ಳಗ ಐತಿ. ಈ ವಯಸ್ಸಿನ್ಯಾಗ ಇದನ್ನ ಕುಡೀಬೇಕೇನು?"

ಗಾಳೆವ್ವ ಮೈಮುನಬಿಯ ಹತ್ತಿರ ಹೋದಳು. ಮೈಮುನಬಿ ನಕ್ಕಳು. "ಒಲಿ ಕುಳ್ಳಿಂದು, ಉರಿ ಕಟಗೀದು. ಹ್ಯಾಂಗ ಕೂಡತೈತಿ? ಒಲಿ ಒಡದು ಹಾಕು."

ಮೈಮುನಬಿ ಅಡಿಗೆಮನೆಯ ಹೊಸ್ತಿಲು ದಾಟಕೂಡದು ಎಂದು ಸಿದ್ದವ್ವ ಬಾಗಿಲಿಗೆ ಅಡ್ಡ ಕೂತಳು. ಮೈಮುನಬಿ ಹಿತ್ತಲಲ್ಲೇ ನಿಂತು ಕೂಗಿ ಹೇಳಿದಳು, ಗಾಳೆವ್ವ ಒಳಗೆ ಹುತ್ತದ ಮಣ್ಣು ತುಳಿದು ಕಟ್ಟಿದಳು. "ಬಾಯಿ ಸಣ್ಣದು ಮಾಡು! ಎರಡು ಕಟಗಿ ಹಿಡಿಯೂವಷ್ಟಽ. ಹಿಂದಿನ ಗ್ವಾಡಿ ಎತ್ತರಾಗ್ಲಿ! ಪಕ್ಕಕ್ಕ ಒಂದು ತೂತು ಕೊರದು ಅದರ ಮ್ಯಾಲ ಹಾಲಿನ ಗಡಗಿ ಕೂಡ್ರು. ಹೊರಗ ಹೋಗೋ ಶಾಖಾ ಅದರ ಬುಡಕ್ಕ ಬಡೀಲಿ." ನಡುವೆ ಕೂತ ಸಿದ್ದವ್ವ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೈದಳು. ಒಲೆ ಒಣಗಲು ಮೂರು ದಿನ ಹಿಡಿಯಿತು. ಆ ಮೂರು ದಿನ ಗಾಳೆವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದಳು. ಹೊಸ ಒಲೆಯಲ್ಲಿ ಮೊದಲ ರೊಟ್ಟಿ ಬುಗ್ಗೆಯಂತೆ ಉಬ್ಬಿತು. ಶೇಖವ್ವ ಎರಡನೆಯದನ್ನು ಅತ್ತಿಗೆಯ ಕೈಗೇ ಕೊಟ್ಟಳು. ಹಾಲು ಕೆಂಪಾಗಲು ಮಾತ್ರ ಇನ್ನೂ ಒಂದು ವಾರದ ಹೊಂದಾಣಿಕೆ ಬೇಕಾಯಿತು.

ಸಿದ್ದವ್ವ ಬೇರೆ ದಾರಿ ಹಿಡಿದಳು. ಒಂದು ಬೆಳಿಗ್ಗೆ ಸೊಸೆ ಏಳುವ ಮೊದಲೇ ಕೊಟ್ಟಿಗೆಗೆ ಹೋಗಿ ಸಗಣಿ ಬಳಿದು ತಾನೇ ಕುಳ್ಳು ಬಡಿದಳು. ಮರುದಿನ ಗಾಳೆವ್ವ ಅದಕ್ಕಿಂತ ಮೊದಲು ಎದ್ದಳು. ಅದರ ಮರುದಿನ ಸಿದ್ದವ್ವ ಇನ್ನೂ ಮೊದಲು. ಹೀಗೆ ಅತ್ತೆ ಸೊಸೆ ಕೋಳಿಗಿಂತ ಮುಂಚೆ ಎದ್ದು, ಎಮ್ಮೆಯ ಬಾಲದ ಕೆಳಗೆ ಬುಟ್ಟಿ ಹಿಡಿದು ನಿಲ್ಲುವ ಮಟ್ಟಕ್ಕೆ ಬಂದರು. ಒಂದು ದಿನ ಇಬ್ಬರೂ ಒಂದೇ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಎದುರಾದರು.

"ಬಾಜಿ ಇಟ್ಟೀನಿ ಅಂತ ಸಗಣಿ ನಿಂದಾತೇನು?" ಎಂದಳು ಸಿದ್ದವ್ವ.

"ಹೌದ್ರಿ. ಈ ಮನ್ಯಾಗ ಹೊಲಾ ನಿಮ್ಮದು, ಎತ್ತು ನಿಮ್ಮದು, ಕಾಳು ಕಡಿ ನಿಮ್ಮದು. ಎಲ್ಲಾರೂ ಮುಟ್ಟಾಕ ಹೇಸೂದು ಒಂದಽ ಐತಿ. ಅದನ್ನ ಹನ್ನೆರಡು ವರ್ಷ ನಾ ಮುಟ್ಟೇನಿ. ಅದು ನಂದು."

"ನಾ ನಲವತ್ತು ವರ್ಷ ಮುಟ್ಟೇನಿ," ಎಂದಳು ಸಿದ್ದವ್ವ.

ಗಾಳೆವ್ವ ಬುಟ್ಟಿಯನ್ನು ಕೆಳಗಿಟ್ಟು ಬದಿಗೆ ಸರಿದಳು. ಸಿದ್ದವ್ವ ಒಳಗೆ ಹೋಗಲಿಲ್ಲ. ಸೊಂಟಕ್ಕೆ ಕೈ ಕೊಟ್ಟು, ಗೊಣಗುತ್ತ ಮಲಗಲು ಹೋದಳು. ಮರುದಿನದಿಂದ ಅವಳು ಕೊಟ್ಟಿಗೆಗೆ ಬರಲಿಲ್ಲ. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಗುಂಡಿ ತುಂಬುತ್ತ ಬಂತು. ಸಗಣಿಯ ಮೇಲೆ ದನ ತಿಂದು ಬಿಟ್ಟ ಕಣಿಕೆಯ ದಂಟು, ಅದರ ಮೇಲೆ ಒಲೆಯ ಬೂದಿ, ಬೇವಿನೆಲೆ, ಮುಸುರೆ, ಬಚ್ಚಲ ನೀರು, ಮೇಲೊಂದು ಪದರು ಮಣ್ಣು. ಮನೆಯಲ್ಲಿ ಎಸೆಯುವ ವಸ್ತು ಅಂತ ಒಂದೂ ಉಳಿಯಲಿಲ್ಲ. ಹಾಳಾದ ಕಂಬಳಿಯ ಚೂರನ್ನೂ ಅವಳು ಬಿಡಲಿಲ್ಲ. ಯುಗಾದಿಯ ಮುನ್ನಾ ದಿನ ಗುಂಡಿಯ ಅಂಚಿನಲ್ಲಿ ಕೂತು ಮೊಳಕೈ ತನಕ ಕೈ ತೂರಿಸಿದಳು. ಒಳಗೆ ಹಡೆದ ಎಮ್ಮೆಯ ಮೈಯಷ್ಟು ಬಿಸಿ. ಹಿಡಿ ತುಂಬ ತೆಗೆದರೆ ಸಗಣಿಯೂ ಅಲ್ಲದ ಮಣ್ಣೂ ಅಲ್ಲದ, ಕಪ್ಪಗೆ ಉದುರುವ ಪುಡಿ. ಅದರ ವಾಸನೆಗೆ ಅವಳಿಗೆ ಒಮ್ಮೆಲೇ ಹಸಿವಾಯಿತು. ಒಳಗೆ ಹೋಗಿ ಎರಡು ರೊಟ್ಟಿ, ಹಸಿ ಉಳ್ಳಾಗಡ್ಡಿ ತಂದು, ಗುಂಡಿಯ ಬದಿಯಲ್ಲೇ ಕೂತು ತಿಂದಳು. ಈ ಮನೆಯಲ್ಲಿ ಅಷ್ಟು ನೆಮ್ಮದಿಯಿಂದ ಅವಳು ಯಾವ ದಿನವೂ ಉಂಡಿರಲಿಲ್ಲ.

"ಗುಂಡಿ ಬದಿಗಿ ಕೂತು ಉಣ್ತಾಳಂತ. ಊರಾಗ ಮಂದಿ ನಗಾಕ ಹತ್ಯಾರ," ಎಂದ ಅಜ್ಜಪ್ಪ ಸಂಜೆ. "ನನ್ನ ಮಾರಿ ನೋಡಿಯಾದ್ರೂ ಬಿಡು."

"ನಿಮ್ಮ ಮಾರಿ ನೋಡೇ ಹನ್ನೆರಡು ವರ್ಷ ಬಡದೇನ್ರಿ."

ಅಜ್ಜಪ್ಪ ಕೆಟ್ಟವನಲ್ಲ. ಅಪ್ಪನ ಎದುರು ಅವನ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೆ.

ಯುಗಾದಿ ಮುಗಿದ ವಾರ ಶೇಖವ್ವನನ್ನು ನೋಡಲು ನರಗುಂದದಿಂದ ಬೀಗರು ಬರುವವರಿದ್ದರು. ಹದಿನೈದು ಜನ, ಹೋಳಿಗೆ ಊಟ. ಗಾಳೆವ್ವ ಹತ್ತಿಕಟಗಿಯ ದೊಡ್ಡ ಒಟ್ಟಿಲನ್ನು ಹಿತ್ತಲಲ್ಲಿ ಸಿದ್ಧವಾಗಿಟ್ಟಿದ್ದಳು. ಬೀಗರು ಬರುವ ಮುನ್ನಾ ದಿನ ಮಧ್ಯಾಹ್ನ ಅವಳು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿ ಬಂದಳು. ಒಟ್ಟಿಲಿದ್ದ ಜಾಗದಲ್ಲಿ ನಾಲ್ಕು ಪುಳ್ಳೆ ಬಿದ್ದಿದ್ದವು.

"ಎಲ್ಲೈತ್ರಿ ಕಟಗಿ?"

"ರೋಣದ ಸುಣ್ಣದ ಭಟ್ಟಿಯಾಂವ ಬಂದಿದ್ದ," ಎಂದ ಗುರುಸಂಗಪ್ಪ ಅಡಿಕೆ ಕತ್ತರಿಸುತ್ತ. "ಕೊಟ್ಟೆ. ಹಳೇ ಬಣವ್ಯಾಗ ಕುಳ್ಳು ಬೇಕಾದಷ್ಟು ಅದಾವ. ನಾಳೆ ಅದನ್ನಽ ಸುಡ್ರಿ."

"ಚಕ್ಕಡ್ಯಾಗ ಹೇರಿದವರು ಯಾರ್ರಿ?"

ಅಜ್ಜಪ್ಪನ ಅಂಗಿಯ ತೋಳಿಗೆ ಹತ್ತಿಕಾಯಿಯ ಒಣ ತೊಗಟೆ ಅಂಟಿಕೊಂಡಿತ್ತು.

ಮರುದಿನ ಬೆಳಗಾಗುತ್ತಲೇ ಗಾಳೆವ್ವ, ಅಜ್ಜಪ್ಪ ಕೆರೆಯ ಕಡೆ ಹೋದದ್ದನ್ನು ನೋಡಿ, ಪಡಸಾಲೆಯಲ್ಲಿ ಅವನು ಮಲಗುವ ಹೊರಸನ್ನು ಹಿತ್ತಲಿಗೆ ಎಳೆದಳು. ಅವಳ ಲಗ್ನದಲ್ಲಿ ತವರಿನಿಂದ ಬಳುವಳಿಯಾಗಿ ಬಂದ, ಗಟ್ಟಿ ಜಾಲಿಯ ಹೊರಸು. ಹಗ್ಗವನ್ನು ಒಂದೆಳೆ ಹರಿಯದಂತೆ ಬಿಚ್ಚಿ, ಸುರುಳಿ ಸುತ್ತಿ ಗೂಟಕ್ಕೆ ಹಾಕಿದಳು. ಆಮೇಲೆ ಕೊಡಲಿ ಎತ್ತಿದಳು.

ಅಜ್ಜಪ್ಪ ತಿರುಗಿ ಬಂದಾಗ ನಾಲ್ಕು ಕಾಲುಗಳು ಎಂಟಾಗಿದ್ದವು.

"ಏ! ನನ್ನ ಹೊರಸು!"

"ನನ್ನ ತವರವರ ಹೊರಸ್ರಿ. ನೀವು ಹೇರಿ ಕಳಿಸಿದ್ದು ನನ್ನ ಕಟಗಿ. ಹೋಳಿಗಿ ಬೇಯೂದು ಯಾವುದರ ಮ್ಯಾಲರ ಬೇಯಬೇಕಲ್ರಿ?"

ಗುರುಸಂಗಪ್ಪ ಎದ್ದು ಬಂದ. ಬಂದದ್ದು ಬೈಯಲೆಂದು, ಆದರೆ ಸೊಸೆಯ ಕೈಯಲ್ಲಿ ಕೊಡಲಿ ಇತ್ತು, ಹೊರಗೆ ಓಣಿಯ ಮಂದಿ ಇಣುಕುತ್ತಿದ್ದರು. ದನಿ ತಗ್ಗಿಸಿ ಕೇಳಿದ. "ಇದು ತೀರಿದ ಮ್ಯಾಲ ಏನ ಸುಡ್ತೀ?"

ಗಾಳೆವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. "ನಿಮ್ಮ ಮಂಚ ಐತಲ್ರಿ ಮಾವಾರ."

ಮೈಮುನಬಿ ಯಾರೂ ಕೇಳದೆಯೇ ಜಾಲಿಯ ಒಂದು ಹೊರೆಯನ್ನು ಹಿತ್ತಲ ಬಾಗಿಲಿಗೆ ಇಳಿಸಿ ಹೋದಳು. ಜಾಲಿಯ ಉರಿ ಹತ್ತಿಕಟಗಿಯ ಹಾಗಲ್ಲ, ನಿಂತು ಉರಿಯುತ್ತದೆ. ಕಟ್ಟಿನ ಸಾರು, ಹೋಳಿಗೆ, ಬದನೆಕಾಯಿ ಎಣಗಾಯಿ ಎಲ್ಲ ಹೊತ್ತಿಗೆ ಸರಿಯಾಗಿ ಮುಗಿದವು. ಬೀಗರು ಉಂಡು ಹೊಗಳಿದರು. ಆಮೇಲೆ ಹುಡುಗನ ತಾಯಿ ಶೇಖವ್ವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು.

"ರೊಟ್ಟಿ ಬಡಿಯಾಕ ಬರತೈತೇನವಾ?"

"ಬರತೈತ್ರಿ."

"ಕುಳ್ಳು ಬಡಿಯಾಕ? ನಮ್ಮನ್ಯಾಗ ಎಂಟು ಎಮ್ಮಿ ಅದಾವ ಮತ್ತ."

ಸಿದ್ದವ್ವ ಕಣ್ಣಲ್ಲೇ 'ಹೂಂ ಅನ್ನು' ಎಂದಳು. ಶೇಖವ್ವ ತಲೆ ತಗ್ಗಿಸಿಯೇ ಇದ್ದಳು. ಮಾತು ಮಾತ್ರ ನೆಟ್ಟಗೆ ಬಂತು. "ಬರತೈತ್ರಿ. ಆದ್ರ ನಮ್ಮನ್ಯಾಗ ಈಗ ಬಡಿಯೂದು ಬಿಟ್ಟೇವ್ರಿ. ಎಂಟು ಎಮ್ಮಿ ಇದ್ರ ನಿಮ್ಮ ಹೊಲಕ್ಕ ಭಾಳ ಚಲೋ ಆಕ್ಕೇತಿ."

ಹುಡುಗನ ತಾಯಿ ಶೇಖವ್ವನ ಎದುರಿನಿಂದ ಹಿಂದೆ ಸರಿದು ಕೂತಳು. ಬೀಗರು ಎಲೆಅಡಿಕೆ ಹಾಕಿಕೊಂಡು ಎದ್ದರು.

ಮೂರು ವಾರಗಳ ಮೇಲೆ ಗುರುಸಂಗಪ್ಪ ರೋಣದ ಸಂತೆಯಿಂದ ಬಂದವನು ರುಮಾಲು ತೆಗೆದು ಗೂಟಕ್ಕೆ ಹಾಕದೆ ನೆಲಕ್ಕೆ ಎಸೆದ. ನರಗುಂದದವರು ಬೇಡ ಎಂದಿದ್ದರು. ಹುಡುಗಿಯ ಬಾಯಿ ಜೋರು ಎಂದು ಹೇಳಿ ಕಳಿಸಿದ್ದರು.

"ಉಂಡೀಯಲ್ಲಾ ಈಗ ಹೊಟ್ಟಿ ತುಂಬ?" ಸಿದ್ದವ್ವ ಸೊಸೆಯ ಮೇಲೆ ಹರಿಹಾಯ್ದಳು. "ನನ್ನ ಮಗಳ ಬಾಳೇಕ ಕಲ್ಲು ಹಾಕಿದಿ. ಹೊತ್ತುಕೊಂಡು ಹೋಗು ನಿನ್ನ ತಿಪ್ಪಿ, ಲಕ್ಕಲಕಟ್ಟಿಗಿ!"

ಇಷ್ಟು ವಾರಗಳ ಬೈಗಳನ್ನು ಗಾಳೆವ್ವ ಎಣಿಸಿರಲಿಲ್ಲ, ನಗೆಯನ್ನೂ ಎಣಿಸಿರಲಿಲ್ಲ. ಆದರೆ ಹುಡುಗಿಯ ಬಾಳು ಬೇರೆ. ರಾತ್ರಿಯ ಊಟ ಬಡಿಸದೆ ಒಲೆಯ ಮುಂದೆ ಸುಮ್ಮನೆ ಕೂತಳು. ಬೆಂಕಿ ಸಣ್ಣಗಾಗುತ್ತ ಬಂದದ್ದೂ ಅವಳಿಗೆ ಕಾಣಲಿಲ್ಲ.

ಶೇಖವ್ವ ಬಂದು ಎರಡು ಕಟಗಿ ಒಳಗೆ ತಳ್ಳಿ ಊದಿದಳು.

"ಆರಿಸಿ ಕೂಡ್ತೀಯಲ್ಲ ವೈನಿ. ಇನ್ನ ಐದು ದಿನ ಅದಾವ."

"ನನ್ನ ಸಲುವಾಗಿ ನಿಂದು ಮುರದು ಹೋತು, ಶೇಖಾ."

"ನಿನ್ನ ಸಲುವಾಗಿ ಅಲ್ಲ. ಎಂಟು ಎಮ್ಮಿ ಸಗಣ್ಯಾಗ ನಾಳೆಯಿಂದ ಕೂತ ಕೂಡಬೇಕಾಗಿದ್ದಾಕಿ ನಾನು. ಅಂತಾ ಮನೀಗಿ ನಾ ಹೋಗೂದು ಬ್ಯಾಡಿತ್ತು, ಹೋಗಲಿಲ್ಲ. ಏಳು, ಅಪ್ಪಗ ಹಾಲು ಕೊಡು."

ಮುಂದಿನ ಐದು ದಿನ ಇಬ್ಬರೂ ಕೂಡಿ ಹಳ್ಳದ ದಂಡೆಯ ಕಂಟಿ ಕಡಿದು ತಂದರು. ಬಸವ ಜಯಂತಿಯ ದಿನ ಮಧ್ಯಾಹ್ನ ಹುಗ್ಗಿ ಉಂಡು, ಗುರುಸಂಗಪ್ಪ ಅಡಿಕೆ ಕತ್ತರಿಸುತ್ತ ಕೂತ. ಸೋತೆ ಎಂದು ಅವನ ಬಾಯಿಂದ ಬರುವಂತಿರಲಿಲ್ಲ.

"ಹಳ್ಳದ ಮ್ಯಾಲಿನ ದಿನ್ನಿ ಐತಲ್ಲ, ಎರಡು ಎಕರೆ," ಎಂದ ಕೊನೆಗೆ. "ಅದು ಹೆಂಗೂ ಬೆಳಿಯಂಗಿಲ್ಲ. ಅಲ್ಲಿ ಏನ ಹಾಕ್ತೀರೋ ಹಾಕ್ರಿ. ಮುಂಗಾರಿ ಒಳಗ ಮುಗಸ್ರಿ."

"ದಿನ್ನಿ ಆದ್ರೂ ಆತ್ರಿ," ಎಂದಿತು ಬಾಗಿಲು. "ಚಕ್ಕಡಿ?"

ಗುರುಸಂಗಪ್ಪ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡ. ಅಜ್ಜಪ್ಪ ಎದ್ದ. ಹತ್ತಿರ ಹತ್ತಿರ ನಾಲ್ಕು ವಾರ ನೆಲದ ಮೇಲೆ ಮಲಗಿ ಅವನ ಸೊಂಟ ಹಿಡಿದಿತ್ತು. ಅಪ್ಪನನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು: ಹೊರಗೆ ಹೋಗಿ ಎತ್ತಿನ ಕೊರಳಿಗೆ ನೊಗ ಇಟ್ಟ.

"ಎಷ್ಟು ಚಕ್ಕಡಿ ಆದೀತು?" ಎಂದು ಹೆಂಡತಿಯನ್ನು ಕೇಳಿದ.

"ಒಂಬತ್ತು. ಹತ್ತೂ ಆದೀತು."

ಹೇರಲು ನಾಲ್ಕು ದಿನ ಹಿಡಿಯಿತು. ದಾರಿಯಲ್ಲಿ ಕಂಡವರೆಲ್ಲ ಕೇಳಿದರು, ಎರೆ ಹೊಲಕ್ಕೆ ಗೊಬ್ಬರ ಯಾಕೆ ಎಂದು. ಮೊದಲ ದಿನ ಅಜ್ಜಪ್ಪ ತಲೆ ತಗ್ಗಿಸಿ ಹೊಡೆದ. ಎರಡನೆಯ ದಿನ "ನಮ್ಮ ಮನಿ ಸಗಣಿ, ನಮ್ಮ ಹೊಲ," ಎಂದ. ಮೂರನೆಯ ದಿನ ಕೇಳಿದವರಿಗೇ, "ನಿಮ್ಮ ತಿಪ್ಪಿ ಎಲ್ಲೈತಿ?" ಎಂದು ಕೇಳಿದ.

ಕೊನೆಯ ದಿನ ಗಾಳೆವ್ವ, ಶೇಖವ್ವ ದಿನ್ನೆಯ ಮೇಲೆ ಬುಟ್ಟಿಯಿಂದ ಗೊಬ್ಬರ ಚೆಲ್ಲುತ್ತಿದ್ದರು. ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಮೈಯೆಲ್ಲ ಕಪ್ಪು ಪುಡಿ, ಬೆವರು. ಆದರೂ ಗಾಳೆವ್ವ ಏನನ್ನೋ ಗುನುಗುತ್ತಿದ್ದಳು. ಊರ ಕಡೆಯಿಂದ ತಲೆಯ ಮೇಲೆ ಬುತ್ತಿ ಇಟ್ಟುಕೊಂಡು, ಸೊಂಟಕ್ಕೆ ಒಂದು ಕೈ ಕೊಟ್ಟು ಸಿದ್ದವ್ವ ಬರುವುದು ಕಂಡಿತು. ಅವಳು ಹೊಲಕ್ಕೆ ಬಂದು ಮೂರು ವರ್ಷವಾಗಿತ್ತು.

ಬುತ್ತಿಯನ್ನು ಬದುವಿನ ಬೇವಿನ ನೆರಳಿಗಿಟ್ಟು ಅವಳು ಹೊಲವನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸಿಂಡರಿಸಿತು.

"ಹಿಂಗ ಗುಂಪಿ ಹಾಕಿ ಹೋದ್ರ ಏನಾತು? ಇಲ್ಲಿ ಮೊಳಕಾಲು ಮಟ, ಅಲ್ಲಿ ಬತ್ತಲಿ. ಕೊಡು ಇಲ್ಲೆ."

ಶೇಖವ್ವನ ಕೈಯಿಂದ ಬುಟ್ಟಿ ಕಸಿದುಕೊಂಡಳು. ಎಡಗೈಯಲ್ಲಿ ಅದನ್ನು ಸೊಂಟಕ್ಕೆ ಒತ್ತಿ, ಬಲಗೈಯಿಂದ ಬೀಸಿ ಎರಚಿದಳು. ಪುಡಿ ಬಲೆ ಬೀಸಿದಂತೆ ತೆಳ್ಳಗೆ ಹರಡಿ ನೆಲಕ್ಕೆ ಕೂತಿತು. ನಲವತ್ತು ವರ್ಷ ಸಗಣಿ ಹಿಡಿದ ಕೈ. ಹತ್ತು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿದಳು.

"ನಾ ಏನೂ ಒಪ್ಪಿಲ್ಲ ಮತ್ತ. ತಿಳೀತಿಲ್ಲೋ? ನನ್ನ ಮಗಳಿಂದು ನಾ ಮರತಿಲ್ಲ."

"ಒಪ್ಪಬ್ಯಾಡ್ರಿ ಅತ್ತೇರ," ಎಂದಳು ಗಾಳೆವ್ವ, ಇನ್ನೊಂದು ಬುಟ್ಟಿ ತುಂಬಿ ಅವಳ ಮುಂದೆ ಇಡುತ್ತ. "ಎರಚ್ರಿ."